ಗಿಟಾರ್ ಕೈಗೆ ಒಂದು ಬೇಸ್

ವರ್ಷಗಟ್ಟಲೆ ಗಿಟಾರ್ ನುಡಿಸಿದವರಿಗೆ ಬೇಸ್ ಗಿಟಾರ್ ಎಂದರೆ ಒಂದು ಮೊಂಡು ಧೈರ್ಯ. ಇರುವುದೇ ನಾಲ್ಕು ತಂತಿ. ಅದೂ ಗಿಟಾರಿನ ದಪ್ಪ ತಂತಿಗಳದ್ದೇ ಇ, ಎ, ಡಿ, ಜಿ, ಒಂದು ಸ್ಥಾಯಿ ಕೆಳಗೆ. ನನಗೂ ಹಾಗೇ ಇತ್ತು. ಮನೆಯಲ್ಲಿ ರೆಕಾರ್ಡಿಂಗ್‌ಗೆ ಕಡಿಮೆ ದುಡ್ಡಿನದೊಂದು ಸಾಕು ಎಂದು, ಬೇಸ್ ನುಡಿಸುವ ಗೆಳೆಯನನ್ನು ಕರೆದುಕೊಂಡು ಅಂಗಡಿಗೆ ಹೋದೆ.

ಮೊದಲು ಕೈಗೆತ್ತಿಕೊಂಡಿದ್ದು 30 ಇಂಚಿನ ಶಾರ್ಟ್ ಸ್ಕೇಲ್. ಸ್ಕೇಲ್ ಎಂದರೆ ತಂತಿ ಕಂಪಿಸುವ ಭಾಗದ ಉದ್ದ. ಗಿಟಾರಿನ 25.5 ಇಂಚಿಗೆ ಒಗ್ಗಿದ ಬೆರಳುಗಳಿಗೆ ತವರಿಗೆ ಬಂದಷ್ಟು ಹಾಯಿ. ಆದರೆ ಸ್ಕೇಲ್ ಗಿಡ್ಡವಾದರೆ ಅದೇ ಶ್ರುತಿಗೆ ತಂತಿಯ ಬಿಗಿತ ಕಡಿಮೆ ಸಾಕು. ಇ ತಂತಿಯ ನಾದ ದುಂಡಗೆ, ಮೆತ್ತಗೆ ಬರುತ್ತದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸುವ ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಹೆಚ್ಚುಕಡಿಮೆ ಈ ಅಳತೆಯದೇ, ಹಾಗಾಗಿ ಇದನ್ನು ಮಕ್ಕಳ ವಾದ್ಯ ಎನ್ನಲಾಗದು. ನನಗೆ ಬೇಕಿದ್ದದ್ದು ಮಾತ್ರ ಇನ್ನೂ ಗಟ್ಟಿಯಾದ, ಅಂಚಿರುವ ಧ್ವನಿ. ಅಂದರೆ 34 ಇಂಚು.

ಆಮೇಲೆ ಫೆಂಡರ್ ಕಂಪನಿಯ ಜಾಝ್ ಬೇಸ್ ಮಾದರಿಯದೊಂದು. ತಲೆಯ ಬಳಿ ತಂತಿಗಳು ಕೂರುವ ಪಟ್ಟಿ, ಅಂದರೆ ನಟ್ ಹತ್ತಿರ ಇದರ ನೆಕ್ (ಬೆರಳೊತ್ತುವ ಉದ್ದನೆಯ ಭಾಗ) ಒಂದೂವರೆ ಇಂಚು ಅಗಲ, ನನ್ನ ಗಿಟಾರಿಗಿಂತಲೂ ಸಣ್ಣ! ಗಿಟಾರಿನವರೆಲ್ಲ ಇದಕ್ಕೇ ಮರುಳಾಗುವುದು. ಆದರೆ ತಂತಿಯ ಕಂಪನವನ್ನು ಹಿಡಿಯುವ ಎರಡು ಪಿಕಪ್‌ಗಳಲ್ಲಿ ಒಂದರ ಧ್ವನಿಯನ್ನು ತಗ್ಗಿಸಿದ್ದೇ ತಡ, ಗುಂಯ್ ಎಂಬ ಸದ್ದು ಶುರುವಾಯಿತು. ಕಂಪ್ಯೂಟರ್ ಪಕ್ಕದಲ್ಲೇ ಕೂತು ರೆಕಾರ್ಡ್ ಮಾಡುವವನಿಗೆ ಇದು ತಲೆನೋವು.

ನಾನು ನೆಕ್ ಮೇಲೆ ಮೇಲಿಂದ ಕೆಳಕ್ಕೆ ಓಡುತ್ತಿದ್ದೆ. ಗೆಳೆಯ ತಡೆದ. “ಸೋಲೋ ನುಡಿಸಬೇಡ ಮಾರಾಯ, ಒಂದೇ ಸ್ವರ ಹಿಡಿದು ಕಾಯಿ.” ತಾನೇ ಇಸಿದುಕೊಂಡು ಜಿ ತಂತಿಯನ್ನು ಮೂರನೇ ಫ್ರೆಟ್‌ನಿಂದ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಒಂದೊಂದಾಗಿ ಒತ್ತಿ, ಮೀಟಿ, ಸ್ವರ ಪೂರ್ತಿ ಆರುವವರೆಗೆ ಸುಮ್ಮನೆ ಕೂತ. ಮೂರು ಸರಿ, ನಾಲ್ಕು ಸರಿ. ಆರನೆಯದು ಹುಟ್ಟಿದ ಕೂಡಲೇ ಸತ್ತಿತು. ಏಳರಲ್ಲಿ ಮತ್ತೆ ಉಸಿರು. ಇದಕ್ಕೆ ಡೆಡ್ ಸ್ಪಾಟ್ ಎನ್ನುತ್ತಾರೆ. ಆ ಸ್ವರದ ಕಂಪನಕ್ಕೆ ನೆಕ್ಕೇ ನಡುಗಿ ತಂತಿಯ ಶಕ್ತಿಯನ್ನು ಹೀರಿಬಿಡುತ್ತದೆ. ಜಿ ತಂತಿಯ ಐದರಿಂದ ಏಳನೇ ಫ್ರೆಟ್‌ವರೆಗಿನ ಜಾಗ ಇದಕ್ಕೆ ಕುಖ್ಯಾತ. ದುಬಾರಿ ಬೇಸ್‌ಗಳಲ್ಲೂ ಇರುತ್ತದೆ, ಹಾಗಾಗಿ ಬೆಲೆಚೀಟಿ ನೋಡಿ ಏನೂ ತಿಳಿಯದು. ಪಿಕಪ್ ಹಿಡಿಸದಿದ್ದರೆ ನಾಳೆ ಬದಲಿಸಬಹುದು, ಬಿರಡೆಗಳನ್ನೂ ಬದಲಿಸಬಹುದು. ನೆಕ್ ಬದಲಿಸುವುದೆಂದರೆ ಅಗ್ಗದ ಬೇಸ್‌ಗೆ ಅರ್ಥವೇ ಇಲ್ಲದ ಖರ್ಚು.

ಬೆಲ್ಟ್ ಹಾಕಿಕೊಂಡು ಎಡಗೈ ಬಿಟ್ಟು ನಿಲ್ಲಿಸಿಯೂ ನೋಡಿದ. ಒಂದರ ತಲೆ ನೆಲದತ್ತ ಜಾರಿತು. ಅದು ಅಲ್ಲಿಗೇ ತಿರಸ್ಕೃತ. ಬ್ಯಾಟರಿ ಹಾಕುವ ಆಕ್ಟಿವ್ ಬೇಸ್ ಒಂದಿತ್ತು, ಗುಂಡಿಗಳು ಬೇಕಾದಷ್ಟು. ಕೇಬಲ್ ಚುಚ್ಚಿಟ್ಟು ಮರೆತರೆ 9 ವೋಲ್ಟ್ ಬ್ಯಾಟರಿ ಖಾಲಿ. ನನ್ನಂಥ ಮರೆಗುಳಿಗೆ ಬೇಡ.

ಕೊನೆಗೆ ತಂದದ್ದು ಪ್ರಿಸಿಷನ್ ಮಾದರಿಯ ಹಳೆಯ ಸ್ಕ್ವಯರ್, ಫೆಂಡರ್‌ನವರದ್ದೇ ಅಗ್ಗದ ಬ್ರಾಂಡ್. ಫೆಂಡರ್‌ನವರು 1951ರಲ್ಲಿ ತಂದ ಪ್ರಿಸಿಷನ್‌ಗೆ 1957ರಲ್ಲಿ ಎರಡು ತುಂಡಿನ ಪಿಕಪ್ ಬಂತು. ಒಂದರ ಗುಂಯ್ ಸದ್ದನ್ನು ಇನ್ನೊಂದು ಅಳಿಸುವ ಅದೇ ಉಪಾಯ ಇದರಲ್ಲೂ ಇದೆ. ನೆಕ್ ದಪ್ಪ, ಗುಂಡಿ ಎರಡೇ, ಜಿ ತಂತಿಯ ಸ್ವರಗಳೆಲ್ಲ ಜೀವಂತ. ಗಿಟಾರಿನಂತೆ ಫ್ರೆಟ್‌ಗೊಂದು ಬೆರಳು ಇಟ್ಟರೆ ಮೊದಲ ಫ್ರೆಟ್‌ಗಳ ಹತ್ತಿರ ಅಂಗೈ ಹಿಡಿದುಕೊಳ್ಳುತ್ತದೆ. ಅಲ್ಲಿ ಉಂಗುರ ಬೆರಳನ್ನು ಕಿರುಬೆರಳಿನ ಬೆಂಬಲಕ್ಕೆ ಬಿಟ್ಟು, ಮೂರು ಫ್ರೆಟ್‌ಗಳನ್ನಷ್ಟೇ ಹಿಡಿಯಲು ರೂಢಿಸಿಕೊಳ್ಳುತ್ತಿದ್ದೇನೆ. ಉಳಿಸಿದ ದುಡ್ಡು ಹೊಸ ತಂತಿಗೆ ಹೋಯಿತು. ಗಿಟಾರಿನ ಆರಕ್ಕಿಂತ ಬೇಸ್‌ನ ನಾಲ್ಕೇ ದುಬಾರಿ ಎಂಬುದನ್ನು ಗೆಳೆಯ ಬಿಲ್ ಆಗುವವರೆಗೂ ಹೇಳಿರಲಿಲ್ಲ.