ಎಂಟು ಗಂಟೆಗೆ ಆ ಕೋಣೆಯಲ್ಲಿ ಯಾರು ಯಾರು ಕೂತಿರುತ್ತಾರೆ?

ತಾಲ್ಲೂಕು ಕಚೇರಿಯ ಎದುರಿಗೊಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆಸಲು ಬಂದವರು, ಜಾತಿ ಪ್ರಮಾಣಪತ್ರಕ್ಕೆ ಮೂರನೆಯ ಸಲ ಅಲೆಯುತ್ತಿರುವವರು, ಅರ್ಜಿ ಬರೆಸಿಕೊಳ್ಳಲು ಕಾದವರು ಎಲ್ಲರೂ ಅಲ್ಲಿ ನಿಂತೇ ಮುಂದೆ ಹೋಗಬೇಕು. ಈ ಅಂಗಡಿಯನ್ನೇ ಕೇಂದ್ರವಾಗಿಟ್ಟುಕೊಂಡು ಒಂದು ಹಾಸ್ಯ ಧಾರಾವಾಹಿ ಬರೆಯಬೇಕೆಂದು ನಾನು ಮತ್ತು ನನ್ನ ಸಹಲೇಖಕಿ ಎರಡು ವರ್ಷಗಳಿಂದ ಯೋಚಿಸುತ್ತಿದ್ದೆವು. ಕಥೆಯ ಸಾರಾಂಶವನ್ನು ಒಂದು ಚಾನೆಲ್ಲಿನವರ ಮುಂದಿಟ್ಟಾಗ ಅವರು ಕಥೆಯ ಬಗ್ಗೆ ಕೇಳುವ ಮೊದಲೇ, ಇದನ್ನು ಯಾರು ನೋಡುತ್ತಾರೆ ಎಂದು ಕೇಳಿದರು. ನಮ್ಮ ಕಡತದಲ್ಲಿ ಅದಕ್ಕೊಂದು ಉತ್ತರವಿತ್ತು: 18ರಿಂದ 30 ವಯಸ್ಸಿನ, ಪಟ್ಟಣಗಳ ಯುವಜನ. ಹಾಸ್ಯವೆಂದರೆ ಯುವಜನರಿಗೆ ಎಂದು ನಾವಾಗಿಯೇ ಅಂದುಕೊಂಡಿದ್ದೆವೇ ಹೊರತು, ಆ ಸಾಲಿಗೆ ಬೇರೆ ಯಾವ ಆಧಾರವೂ ಇರಲಿಲ್ಲ. ಅದನ್ನು ಒಪ್ಪಿಕೊಂಡು, ಬರವಣಿಗೆಯನ್ನು ನಿಲ್ಲಿಸಿ, ನೋಡುಗರನ್ನು ತಿಳಿಯುವ ಕೆಲಸಕ್ಕೆ ಕೈಹಾಕಿದೆವು.

ಮೊದಲು ಓದಿದ್ದು ಅಂಕಿಗಳನ್ನು. ಟಿವಿ ನೋಡುಗರನ್ನು ಅಳೆಯುವ ಬಾರ್ಕ್ ಸಂಸ್ಥೆ ತನ್ನ ಅಂಕಿಗಳನ್ನು ಕೊಡಲು ಆರಂಭಿಸಿದ್ದು 2015ರಲ್ಲಿ. ಚಾನೆಲ್ಲಿನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸಿರುತ್ತಾರೆ. ದೇಶದ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಇಟ್ಟಿರುವ ಮೀಟರುಗಳು ಆ ಗುರುತನ್ನು ಹಿಡಿದು, ಆ ಹೊತ್ತಿಗೆ ಯಾವ ಚಾನೆಲ್ ಓಡುತ್ತಿದೆ ಎಂಬುದನ್ನು ದಾಖಲಿಸುತ್ತವೆ. ಮನೆಯ ಪ್ರತಿಯೊಬ್ಬ ಸದಸ್ಯರಿಗೂ ಮೀಟರಿನ ರಿಮೋಟಿನಲ್ಲಿ ಒಂದೊಂದು ಬಟನ್ ಇರುತ್ತದೆ. ನೋಡಲು ಕೂತಾಗ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಪ್ರತಿ ಗುರುವಾರ ಬರುವ ಈ ಲೆಕ್ಕಕ್ಕಾಗಿ ಧಾರಾವಾಹಿ ತಂಡಗಳು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಂತೆ ಕಾಯುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಈ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರೊಂದಿಗೆ ಬರುವ ವರ್ಗೀಕರಣವನ್ನು ಓದುತ್ತಾ ಒಂದು ಕಡೆ ನಿಂತುಬಿಟ್ಟೆ. ಮನೆಗಳನ್ನು ಎ1ರಿಂದ ಇ3ರವರೆಗೆ 12 ದರ್ಜೆಗಳಾಗಿ ವಿಂಗಡಿಸಲು ಎರಡು ಸಂಗತಿಗಳನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ: ಆ ಮನೆಯ ಮುಖ್ಯ ದುಡಿಮೆಗಾರನ ಓದು, ಮತ್ತು ಫ್ಯಾನು, ಗ್ಯಾಸ್ ಒಲೆ, ಫ್ರಿಜ್ಜು, ದ್ವಿಚಕ್ರ ವಾಹನ, ಕೃಷಿ ಭೂಮಿ ಮೊದಲಾದ 11 ಬಾಬತ್ತುಗಳಲ್ಲಿ ಎಷ್ಟು ಆ ಮನೆಯಲ್ಲಿವೆ ಎಂಬುದು. ಜಾಹೀರಾತು ಕೊಡುವವರಿಗೆ ಇದು ಉಪಯುಕ್ತ, ಸಂಶಯವಿಲ್ಲ. ಆದರೆ ಸಂಜೆ ಏಳಕ್ಕೆ ಟಿವಿ ಹಾಕುವವರು ನಮ್ಮಲ್ಲಿ ಬಹುಪಾಲು ಆ ದುಡಿಮೆಗಾರನ ತಾಯಿ ಅಥವಾ ಹೆಂಡತಿ. ಅವನು ಪದವೀಧರನಾಗಿ, ಅವನ ತಾಯಿ ಮೂರನೆಯ ತರಗತಿಗೆ ಶಾಲೆ ಬಿಟ್ಟವರಾಗಿದ್ದರೆ, ಆ ಮನೆಯ ದರ್ಜೆಯಿಂದ ಆ ತಾಯಿಗೆ ಯಾವ ಮಾತು ನಗು ತರಿಸುತ್ತದೆಂದು ತಿಳಿಯುವುದು ಹೇಗೆ? ಹಾಸ್ಯ ಬರೆಯುವವರಿಗೆ ಬೇಕಾದ ತಿಳಿವಳಿಕೆ ಕೊಳ್ಳುವ ಶಕ್ತಿಯನ್ನು ಅಳೆಯುವ ಪಟ್ಟಿಯಲ್ಲಿ ಸಿಗುವುದಿಲ್ಲ.

ಯಾರನ್ನು ಎಣಿಸುತ್ತಾರೆ ಎಂಬುದೇ ಯಾರಿಗಾಗಿ ಹಾಸ್ಯ ಹುಟ್ಟುತ್ತದೆ ಎಂಬುದನ್ನು ತೀರ್ಮಾನಿಸಿದ ಪ್ರಸಂಗಗಳಿವೆ. ಅಮೆರಿಕದ ಸಿಬಿಎಸ್ ವಾಹಿನಿ 1971ರಲ್ಲಿ, ಇನ್ನೂ ಸಾಕಷ್ಟು ಜನ ನೋಡುತ್ತಿದ್ದ ಹಳ್ಳಿಗಾಡಿನ ಹಾಸ್ಯ ಧಾರಾವಾಹಿಗಳನ್ನು ಒಂದರ ಹಿಂದೊಂದರಂತೆ ನಿಲ್ಲಿಸಿತು. ಅವುಗಳ ನೋಡುಗರು ವಯಸ್ಸಾದವರು, ಹಳ್ಳಿಯವರು, ಜಾಹೀರಾತುದಾರರಿಗೆ ಬೇಕಾದದ್ದು ನಗರದ ಯುವಜನ ಎಂಬುದು ಅದಕ್ಕಿದ್ದ ಮುಖ್ಯ ಕಾರಣ. ನಮ್ಮಲ್ಲಿ 2015ರ ಅಕ್ಟೋಬರಿನಲ್ಲಿ ಗ್ರಾಮೀಣ ಮನೆಗಳು ಬಾರ್ಕ್ ಲೆಕ್ಕದೊಳಗೆ ಬಂದವು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಶೇ. 61ರಷ್ಟು ಜನ ಹಳ್ಳಿಗಳಲ್ಲಿದ್ದರು ಎಂಬುದನ್ನು ನೆನೆದರೆ, ಅಲ್ಲಿಯವರೆಗೆ ಎಷ್ಟು ಮನೆಗಳ ನಗು ಯಾರ ಲೆಕ್ಕಕ್ಕೂ ಸಿಗದೆ ಹೋಗಿತ್ತೆಂದು ಊಹಿಸಬಹುದು.

ಕನ್ನಡ ನಾಡಿನಲ್ಲಿ ಇದಕ್ಕಿಂತ ಹಳೆಯ, ನನಗೆ ಹೆಚ್ಚು ಪ್ರಿಯವಾದ ಮಾದರಿಯೊಂದಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳನ್ನು ತಲುಪಿಸಿದ ಸೈಟ್ (SITE) ಎಂಬ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಇದ್ದವು. ಕಾರ್ಯಕ್ರಮ ಮಾಡುವ ಮೊದಲೇ ಆ ಹಳ್ಳಿಗಳ ಜನ ಯಾರು, ಅವರ ಬದುಕು ಹೇಗಿದೆ, ಅವರಿಗೆ ಏನು ಬೇಕು ಎಂಬುದನ್ನು ಇಸ್ರೋದ ಸಮಾಜ ಸಂಶೋಧಕರು ಅಧ್ಯಯನ ಮಾಡಿದ್ದರು. ಪ್ರಸಾರದ ಕಾಲದಲ್ಲಿ ಕೆಲವರು ಹಳ್ಳಿಗಳಲ್ಲೇ ಉಳಿದು ಗಮನಿಸಿದರು. ಅದು ಶಿಕ್ಷಣ, ಬೇಸಾಯ, ಆರೋಗ್ಯದ ಕಾರ್ಯಕ್ರಮಗಳಿಗಾಗಿ ನಡೆದ ಕೆಲಸ, ನಿಜ. ಆದರೂ ಕೇಳಿ ಬರುವುದಕ್ಕಿಂತ ಜೊತೆಗೆ ಕೂತು ನೋಡುವುದು ಮೇಲು ಎಂಬ ಧೈರ್ಯ ನಮಗೆ ಬಂದದ್ದು ಅದನ್ನು ಓದಿದ ಮೇಲೆಯೇ.

ಹಾಗಾಗಿ ಗದಗ, ತಿಪಟೂರು, ಪುತ್ತೂರು ಮತ್ತು ಬೆಂಗಳೂರಿನ ಲಗ್ಗೆರೆಯಲ್ಲಿ, ಪರಿಚಿತರ ಪರಿಚಿತರ ಮೂಲಕ ಒಂದಷ್ಟು ಮನೆಗಳನ್ನು ಕೇಳಿಕೊಂಡು, ಸಂಜೆ ಏಳರಿಂದ ಹತ್ತರವರೆಗೆ ಅವರೊಂದಿಗೆ ಕೂತೆವು. ಮೊದಲ ಎರಡು ಮನೆಗಳಲ್ಲಿ ಪ್ರಶ್ನಾವಳಿ ಹಿಡಿದು ಹೋಗಿದ್ದೆ, ಅದು ನನ್ನ ತಪ್ಪು. ನಿಮಗೆ ಎಂಥ ಹಾಸ್ಯ ಇಷ್ಟ ಎಂದು ಕೇಳಿದರೆ ಜನ ನಾಲ್ಕು ಜನರೆದುರು ಹೇಳಬಹುದಾದ ಉತ್ತರವನ್ನೇ ಕೊಡುತ್ತಾರೆ: ಮನೆಮಂದಿಯೆಲ್ಲ ಕೂತು ನೋಡುವಂಥದ್ದು, ಸಂದೇಶ ಇರುವಂಥದ್ದು. ಮೂರನೆಯ ಮನೆಯಿಂದ ಪ್ರಶ್ನಾವಳಿಯನ್ನು ಚೀಲದಿಂದ ಹೊರತೆಗೆಯಲಿಲ್ಲ.

ಗದಗಿನ ಆ ಮನೆಯ ತಾಯಿ, "ನಾವೇನು ಕಾಮಿಡಿ ಭಾಳ ನೋಡಂಗಿಲ್ರಿ, ಟೈಮೇ ಸಿಗಂಗಿಲ್ಲ" ಎಂದು ಹೇಳಿ ಅಡುಗೆಮನೆಗೆ ಹೋದರು. ಟಿವಿ ಮುಂದೆ ಅವರ ಮಾವ ಮತ್ತು ಇಬ್ಬರು ಮಕ್ಕಳಿದ್ದರು. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಕೇಳುತ್ತಿತ್ತು. ತೆರೆಯ ಮೇಲೆ ಒಂದು ಒಳ್ಳೆಯ ಮಾತು ಬಂತು. ರೊಟ್ಟಿಯ ಸದ್ದು ನಿಂತಿತು, ಒಳಗಿನಿಂದ ನಗು ಕೇಳಿಸಿತು, ಮತ್ತೆ ಸದ್ದು ಶುರುವಾಯಿತು. ಆ ರಾತ್ರಿ ಹೀಗೆ ನಾಲ್ಕು ಸಲ ಆಯಿತು. ಆಮೇಲೆ ಉಳಿದ ಊರುಗಳಲ್ಲೂ ನಾನು ಟಿವಿಯ ಬದಲು ಅಡುಗೆಮನೆಯ ಬಾಗಿಲ ಕಡೆಗೇ ಕಿವಿಗೊಟ್ಟೆ. ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಇಂಥ ಒಬ್ಬರಿದ್ದರು. ಕುಕ್ಕರಿನ ಕೂಗಿನ ನಡುವೆಯೇ ಇಡೀ ಕಂತನ್ನು ಕಿವಿಯಿಂದ ನೋಡುವವರು. ಮೀಟರ್ ಇರುವ ಮನೆಯಲ್ಲಾದರೂ ಇವರು ಹಿಟ್ಟಿನ ಕೈ ತೊಳೆದು ಬಂದು ಬಟನ್ ಒತ್ತುತ್ತಾರೆಂದು ನಾನು ನಂಬಲಾರೆ. ಆದರೆ ನಮ್ಮ ಧಾರಾವಾಹಿಯನ್ನು ಮರುದಿನ ನೆರೆಮನೆಗೆ, ನಲ್ಲಿಯ ಕಟ್ಟೆಗೆ, ತವರಿನ ಫೋನಿಗೆ ಮುಟ್ಟಿಸುವವರು ಇವರೇ.

ಯಾರ ಎದುರು ಯಾರು ನಗಬಹುದು ಎಂಬುದು ಅಷ್ಟೇ ಮುಖ್ಯವಾಗಿ ಕಂಡಿತು. ತಿಪಟೂರಿನ ಒಂದು ಮನೆಯಲ್ಲಿ ಅತ್ತೆಯ ಮೇಲಿನ ಹಾಸ್ಯ ಬಂದಾಗ ಸೊಸೆ ಮುಖದ ಗೆರೆಯೂ ಅಲುಗದಂತೆ ಕೂತಿದ್ದರು. ಮರುದಿನ ಬೆಳಿಗ್ಗೆ ನನ್ನ ಸಹಲೇಖಕಿಯೊಂದಿಗೆ ಹಿತ್ತಲಲ್ಲಿ ಮಾತನಾಡುವಾಗ ಅದೇ ಮಾತನ್ನು ಅಭಿನಯಿಸಿ ತೋರಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಒಂಟಿಯಾಗಿ ಕೇಳಿದ್ದರೆ ಅವರು ಆ ಹಾಸ್ಯಕ್ಕೆ ಪೂರ್ತಿ ಅಂಕ ಕೊಡುತ್ತಿದ್ದರು. ಅತ್ತೆಯೊಂದಿಗೆ ಕೂರಿಸಿ ಕೇಳಿದ್ದರೆ ಸೊನ್ನೆ. ಎರಡೂ ನಿಜವೇ. 1930ರ ದಶಕದಲ್ಲಿ ಅಮೆರಿಕದ ರೇಡಿಯೋ ಸಂಶೋಧಕರಾದ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಫ್ರಾಂಕ್ ಸ್ಟ್ಯಾಂಟನ್ ಕೇಳುಗರ ಕೈಗೆ ಹಸಿರು ಮತ್ತು ಕೆಂಪು ಬಟನ್‌ಗಳನ್ನು ಕೊಟ್ಟು, ಇಷ್ಟವಾದರೆ ಒಂದು, ಇಷ್ಟವಾಗದಿದ್ದರೆ ಇನ್ನೊಂದು ಎಂದು ಕ್ಷಣಕ್ಷಣದ ಪ್ರತಿಕ್ರಿಯೆಯನ್ನು ದಾಖಲಿಸುವ ಯಂತ್ರ ರೂಪಿಸಿದರು. ಇಂದಿಗೂ ಪೈಲಟ್ ಕಂತುಗಳ, ಅಂದರೆ ಧಾರಾವಾಹಿಗೆ ಮೊದಲು ಮಾಡುವ ಮಾದರಿ ಕಂತುಗಳ ಪರೀಕ್ಷೆಯಲ್ಲಿ ಅದರ ವಂಶದ ಉಪಕರಣಗಳು ಬಳಕೆಯಲ್ಲಿವೆ. ಆ ವಿಧಾನದ ಬಗ್ಗೆ ನನಗೆ ಗೌರವವಿದೆ. ಆದರೆ ಅಪರಿಚಿತರ ನಡುವೆ ಕೂತವರ ಬೆರಳು ಹೇಳುವುದಕ್ಕೂ ಅತ್ತೆಯ ಪಕ್ಕದಲ್ಲಿ ಕೂತವರ ಮುಖ ಹೇಳುವುದಕ್ಕೂ ಅಜಗಜಾಂತರವಿದೆ.

ಪುತ್ತೂರಿನಲ್ಲಿ ಕೇಳಿದ ಮಾತು ಈಗಲೂ ಮನಸ್ಸಿನಲ್ಲಿ ಕೊರೆಯುತ್ತಿದೆ. "ನಮ್ಮ ಭಾಷೆ ಬಂದ ಕೂಡ್ಲೇ ನಗಬೇಕು ಅಂತ ಲೆಕ್ಕ ಅಲ್ವಾ ಅವರಿಗೆ? ನಾವು ಮಾತಾಡಿದ್ದೇ ಜೋಕಾ ಮಾರಾಯ್ರೇ?" ಎಂದು ಒಬ್ಬ ಯುವಕ ಕೇಳಿದ. ಗದಗಿನ ಹಿರಿಯರೊಬ್ಬರೂ ಬೇರೆ ಮಾತುಗಳಲ್ಲಿ ಇದನ್ನೇ ಹೇಳಿದ್ದರು. ನಮ್ಮ ಕರಡಿನಲ್ಲಿ ಧಾರವಾಡದ ಕಡೆಯ ಕನ್ನಡ ಆಡುವವನು ಅಂಗಡಿಯ ಸಹಾಯಕ. ಅವನು ಏನನ್ನೋ ತಪ್ಪು ತಿಳಿಯುವುದೇ ಅವನ ಹಾಸ್ಯವಾಗಿತ್ತು. ಉತ್ತರ ಕರ್ನಾಟಕದ ನೋಡುಗರೂ ಬೇಕೆಂದು ನಾವೇ ಆ ಪಾತ್ರವನ್ನು ಸೇರಿಸಿದ್ದೆವು. ನೋಡುಗರನ್ನು ಸೆಳೆಯಲೆಂದು ಇಟ್ಟ ಪಾತ್ರವೇ ಅವರನ್ನು ನೋಯಿಸುವುದಾದರೆ ಅದಕ್ಕಿಂತ ದೊಡ್ಡ ಸೋಲು ಇನ್ನೇನಿದೆ?

ಇನ್ನು ನಾವು ಗುರಿಯೆಂದು ಬರೆದುಕೊಂಡಿದ್ದ ಯುವಜನ. ಎಂಟು ಗಂಟೆಗೆ ಅವರು ಆ ಕೋಣೆಯಲ್ಲಿ ಇರುತ್ತಿರಲಿಲ್ಲ. ಇದ್ದರೂ ಕಣ್ಣು ಮೊಬೈಲಿನಲ್ಲಿರುತ್ತಿತ್ತು. ಧಾರಾವಾಹಿಯ ಒಂದು ನಿಮಿಷದ ತುಣುಕುಗಳನ್ನು ಅವರು ಆಮೇಲೆ ಫೋನಿನಲ್ಲಿ ನೋಡುತ್ತಾರೆ, ಹಂಚುತ್ತಾರೆ, ಅಷ್ಟೇ.

ಮರಳಿ ಬಂದು ಕಡತವನ್ನು ಹೊಸದಾಗಿ ಬರೆದೆವು. ಚಾನೆಲ್ಲಿಗೆ ವಯಸ್ಸಿನ ಅಂಕಿ ಬೇಕೇ ಬೇಕು. ಆ ಜಾಗದಲ್ಲಿ 15ಕ್ಕೆ ಮೇಲ್ಪಟ್ಟ ಮಹಿಳೆಯರು, ನಗರ ಮತ್ತು ಗ್ರಾಮೀಣ ಎಂದು ತುಂಬಿದೆವು. ಅದರ ಕೆಳಗೆ ಒಂದು ಪುಟದಷ್ಟು, ರಾತ್ರಿ ಎಂಟು ಗಂಟೆಯ ಒಂದು ಕೋಣೆಯನ್ನು ವರ್ಣಿಸಿದೆವು: ಕುರ್ಚಿಯಲ್ಲಿ ಯಾರು, ನೆಲದ ಮೇಲೆ ಯಾರು, ರಿಮೋಟ್ ಯಾರ ಕೈಯಲ್ಲಿ, ಬಾಗಿಲಾಚೆ ಒಲೆಯ ಮುಂದೆ ಯಾರು. ಸಭೆಯಲ್ಲಿ ಅವರು ಹೆಚ್ಚು ಹೊತ್ತು ಮಾತನಾಡಿದ್ದು ಆ ಪುಟದ ಮೇಲೆಯೇ. ಧಾರವಾಡದ ಕಡೆಯವನು ಈಗ ಅಂಗಡಿಯ ಸಹಾಯಕನಲ್ಲ. ಅವನ ಜಾಗಕ್ಕೆ ಅದೇ ಕಡೆಯ ಒಬ್ಬ ನಿವೃತ್ತ ಶಿರಸ್ತೇದಾರರು ಬಂದಿದ್ದಾರೆ. ಕಚೇರಿಯ ಒಳಗುಟ್ಟೆಲ್ಲ ಬಲ್ಲವರು, ಎದುರಿನವರು ಬಾಯಿ ತೆರೆಯುವ ಮೊದಲೇ ಅವರ ಅರ್ಜಿ ಯಾವ ಮೇಜಿನಲ್ಲಿ ಸಿಕ್ಕಿಕೊಂಡಿದೆಯೆಂದು ಹೇಳಬಲ್ಲವರು. ಎರಡನೆಯ ಕಂತಿನಲ್ಲಿ ಅಂಗಡಿಯ ಮಾಲೀಕ ಒಂದೇ ಪಹಣಿಯ ನೂರು ಪ್ರತಿಗಳು ಹೊರಬರುವುದನ್ನು ಬಾಯಿ ಬಿಟ್ಟು ನೋಡುತ್ತಾ ನಿಲ್ಲುವ ದೃಶ್ಯವಿತ್ತು, ಮಾತೇ ಇಲ್ಲದ ದೃಶ್ಯ. ಈಗ ಅಲ್ಲಿ ಅವನ ಅಕ್ಕ ಪಕ್ಕದಲ್ಲಿ ಕೂತು ಒಂದೊಂದು ಪ್ರತಿ ಬಿದ್ದಂತೆಲ್ಲ ಗಟ್ಟಿಯಾಗಿ ಎಣಿಸುತ್ತಾಳೆ, ಅಡುಗೆಮನೆಯವರೆಗೂ ಕೇಳುವಂತೆ.