ಗೋದಾಮು ರಸೀದಿ ಸಾಲ: ಲೆಕ್ಕ ಎಲ್ಲಿ ತಪ್ಪುತ್ತದೆ

ಸಣ್ಣ ರೈತ ಸುಗ್ಗಿಯಲ್ಲೇ ಮಾರುವುದು ಬೆಲೆ ಏರುತ್ತದೆಂದು ಗೊತ್ತಿಲ್ಲದೆ ಅಲ್ಲ, ಕೈಯಲ್ಲಿ ಕಾಸಿಲ್ಲದೆ. ಬೀಜ ಗೊಬ್ಬರದ ಸಾಲ ತೀರಬೇಕು, ಮನೆ ನಡೆಯಬೇಕು. ಎಲ್ಲರೂ ಒಟ್ಟಿಗೆ ಮಾರಿದಾಗ ದರ ನೆಲ ಕಚ್ಚುತ್ತದೆ.

ಗೋದಾಮು ರಸೀದಿ ಸಾಲದಲ್ಲಿ ಧಾನ್ಯವನ್ನು ತೂಗಿ, ದರ್ಜೆ ನೋಡಿ ರಸೀದಿ ಕೊಡುತ್ತಾರೆ. ಅದನ್ನೇ ಅಡವಿಟ್ಟುಕೊಂಡು ಬ್ಯಾಂಕ್ ಅಂದಿನ ಬೆಲೆಯ ಸುಮಾರು ಶೇ 60ರಿಂದ 70ರಷ್ಟು ಸಾಲ ಕೊಡುತ್ತದೆ; ಆ ಕಾಸಲ್ಲಿ ರೈತ ದರ ಏರುವವರೆಗೆ ಕಾಯಬಹುದು.

ಒಂದು ಲೆಕ್ಕ ಹಾಕೋಣ. ಧಾನ್ಯದ ಬೆಲೆ 100, ಸಾಲ 65, ವಾರ್ಷಿಕ ಬಡ್ಡಿ ಶೇ 18, ಅವಧಿ 4 ತಿಂಗಳು: ಬಡ್ಡಿ 3.9. ತಿಂಗಳಿಗೆ 1ರಂತೆ ಗೋದಾಮು ಬಾಡಿಗೆ 4. ತೂಕದಲ್ಲಿ ಶೇ 2 ನಷ್ಟ. ಅಂದರೆ ದರ ಕನಿಷ್ಠ ಶೇ 10 ಏರಿದರೆ ಮಾತ್ರ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಷ್ಟರಲ್ಲಿ ಸರ್ಕಾರ ದಿಢೀರನೆ ರಫ್ತು ನಿಷೇಧಿಸಿ ದರ ಕುಸಿದರೆ ಕಾದದ್ದೂ ವ್ಯರ್ಥ, ಬಡ್ಡಿಯೂ ಮೈಮೇಲೆ.

ಆದರೆ ಬೆಲೆಗಿಂತ ಮೊದಲು ಕೈಕೊಡುವುದು ತೇವಾಂಶ. ಮೆಕ್ಕೆಜೋಳ ಶೇ 13ರ ಆಸುಪಾಸಿಗೆ ಒಣಗಿರಬೇಕು. 17ರಲ್ಲೇ ಚೀಲ ಹೊಲಿದರೆ ಬೂಷ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ವಿಷ ಸೇರಬಹುದು. ಅಡವಿಟ್ಟ ಮಾಲೇ ಕೊಳೆತ ಮೇಲೆ ರಸೀದಿ ಬರೀ ಕಾಗದ. (ಹತ್ತು ತರಬೇತಿ ಸಭೆಗಳಿಗಿಂತ ಒಂದು ತೇವಾಂಶ ಮಾಪಕ ಮೇಲು.)

ಒಂದೇ ರಾಶಿಗೆ ಎರಡು ರಸೀದಿ ಹುಟ್ಟುವ ಮೋಸಕ್ಕೆ ಎಲ್ಲ ರಸೀದಿಗಳನ್ನೂ ಒಂದೇ ಕಡೆ ದಾಖಲಿಸುವ ಕೇಂದ್ರ ನೋಂದಣಿಯೇ ಮದ್ದು. ಇನ್ನು ಐದಾರು ಚೀಲದ ರೈತನನ್ನು ದೊಡ್ಡ ಗೋದಾಮು ಒಳಗೇ ಬಿಡುವುದಿಲ್ಲ; ಗುಂಪಾಗಿ ಸೇರಿಸಿಯೇ ಕೊಡಬೇಕು. ಹಾಗೆ ಸುರಿಯುವ ಮೊದಲು ಪ್ರತಿ ಚೀಲವನ್ನೂ ಪರೀಕ್ಷಿಸಿ, ಒಬ್ಬನ ಹಸಿ ಕಾಳು ಇಡೀ ರಾಶಿಯ ದರ್ಜೆ ಇಳಿಸುತ್ತದೆ.