ಹೂ ಬಾಡಿದ ಮೇಲಿನ ಕೆಲಸ

ಕೈತೋಟ ಶುರುಮಾಡಿದ ಮೊದಲ ವರ್ಷ ನಾನು ನೆಟ್ಟ ಆರು ಅಮರಿಲ್ಲಿಸ್ ಗೆಡ್ಡೆಗಳೂ ಹೂ ಬಿಟ್ಟವು. ಎರಡನೆಯ ವರ್ಷ ಒಂದೂ ಬಿಡಲಿಲ್ಲ. ಎಲೆಗಳೇನೋ ಹುಲುಸಾಗಿಯೇ ಬಂದವು. ಆದರೆ ಹೂದಂಡು ಮೂಡಬೇಕಾದ ಕಾಲದಲ್ಲಿ ದಿನವೂ ಬೆಳಿಗ್ಗೆ ಗೆಡ್ಡೆಯ ಕತ್ತಿನ ಬಳಿ ಬಗ್ಗಿ ನೋಡಿದ್ದಷ್ಟೇ ನನ್ನ ಪಾಲಿಗೆ ಬಂತು. ಗೊಬ್ಬರ ಸಾಲದೆಂದುಕೊಂಡು ಇನ್ನಷ್ಟು ಹಾಕಿದೆ, ನೀರು ಕಡಿಮೆಯಾಯಿತೆಂದುಕೊಂಡು ಇನ್ನಷ್ಟು ಹೊಯ್ದೆ. ತಪ್ಪು ನಡೆದದ್ದು ಆ ವರ್ಷವಲ್ಲ, ಅದರ ಹಿಂದಿನ ವರ್ಷ ಹೂ ಬಾಡಿದ ವಾರದಲ್ಲೇ, ಕುಂಡ ಅಚ್ಚುಕಟ್ಟಾಗಿ ಕಾಣಲೆಂದು ಜೋತುಬಿದ್ದಿದ್ದ ಎಲೆಗಳನ್ನೆಲ್ಲ ನಾನು ಬುಡದವರೆಗೆ ಕತ್ತರಿಸಿಹಾಕಿದಾಗ ಎಂಬುದು ಅರ್ಥವಾಗಲು ಮತ್ತೊಂದು ವರ್ಷ ಹಿಡಿಯಿತು.

ಕೊಂಡು ತಂದ ಗೆಡ್ಡೆಯೊಳಗೆ ಆ ವರ್ಷದ ಹೂವು ಆಗಲೇ ಸಿದ್ಧವಾಗಿರುತ್ತದೆ. ಚೆನ್ನಾಗಿ ಬಲಿತ ಅಮರಿಲ್ಲಿಸ್ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿದರೆ, ಈರುಳ್ಳಿಯಂತಹ ಪದರಗಳ ನಡುವೆ ಮೊಗ್ಗಿನ ಗೊಂಚಲು ಬೆಳ್ಳಗೆ ಮಡಿಸಿಕೊಂಡು ಕುಳಿತಿರುವುದು ಬರಿಗಣ್ಣಿಗೇ ಕಾಣುತ್ತದೆ. ಆದುದರಿಂದ ಮೊದಲ ವರ್ಷದ ಹೂವು ಆ ಗೆಡ್ಡೆಯನ್ನು ಹೊಲದಲ್ಲಿ ಬೆಳೆಸಿದವರ ದುಡಿಮೆಯ ಫಲ. ನಾವು ಮಾಡಿದ್ದು ನೀರು ಕೊಟ್ಟದ್ದಷ್ಟೇ. ಎರಡನೆಯ ವರ್ಷದ ಹೂವಿನಲ್ಲಿ ಮಾತ್ರ ನಮ್ಮ ಆರೈಕೆ ಎಷ್ಟರಮಟ್ಟಿನದು ಎಂಬುದು ಗೊತ್ತಾಗುತ್ತದೆ. ಈ ಗಿಡದ ಲೆಕ್ಕಾಚಾರವೂ ಬಹಳ ಖಚಿತವಾದುದು. ಸುಮಾರು ನಾಲ್ಕು ಎಲೆಗಳು ಹುಟ್ಟಿದ ಮೇಲೆ ಗೆಡ್ಡೆಯೊಳಗೆ ಒಂದು ಹೂಗೊಂಚಲಿನ ಮೊಳಕೆ ಮೂಡುತ್ತದೆ, ಅದು ಬಲಿತು ಹೊರಗೆ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಎಲೆ ಕತ್ತರಿಸಿದವನು ಮುಂದಿನ ಹೂವಿನ ಊಟವನ್ನೇ ಕಿತ್ತುಕೊಂಡಂತಾಯಿತು. (ಕುಂಡಗಳಲ್ಲಿ ನಾವು ಅಮರಿಲ್ಲಿಸ್ ಎಂದು ಬೆಳೆಸುವ ಗಿಡ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹಿಪ್ಪಿಯಾಸ್ಟ್ರಮ್, ಅದರ ಮೂಲ ದಕ್ಷಿಣ ಅಮೆರಿಕ. ಅಮರಿಲ್ಲಿಸ್ ಎಂಬ ಹೆಸರು ನ್ಯಾಯವಾಗಿ ಸಲ್ಲಬೇಕಾದದ್ದು ದಕ್ಷಿಣ ಆಫ್ರಿಕದ ಬೇರೊಂದು ಗಿಡಕ್ಕೆ. ಆರೈಕೆಯ ಸಲಹೆ ಹುಡುಕುವಾಗ ಈ ಎರಡನ್ನೂ ಒಂದೆಂದು ತಿಳಿದರೆ ಗೊಂದಲವಾಗುತ್ತದೆ.)

ಹೂ ಬಾಡಿದ ಕೂಡಲೇ ನಾನು ಈಗ ಮಾಡುವ ಕೆಲಸ ಇಷ್ಟು: ಬೀಜ ಕಟ್ಟುವುದಕ್ಕೆ ಮೊದಲೇ ಬಾಡಿದ ಹೂಗಳನ್ನು ಚಿವುಟಿ ತೆಗೆಯುತ್ತೇನೆ, ದಂಟನ್ನು ಮಾತ್ರ ಅದು ತಾನಾಗಿ ಹಳದಿಯಾಗುವವರೆಗೆ ಬಿಡುತ್ತೇನೆ, ಏಕೆಂದರೆ ಹಸಿರಾಗಿರುವ ದಂಟೂ ಎಲೆಯಂತೆಯೇ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಅದುವರೆಗೆ ಚೆಂದಕ್ಕಾಗಿ ನೆರಳಿನಲ್ಲಿಟ್ಟಿದ್ದ ಕುಂಡವನ್ನು ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ ಕಡೆಗೆ ಸರಿಸುತ್ತೇನೆ. ಗೊಬ್ಬರ ಹಾಕಲು ತಕ್ಕ ಕಾಲವೂ ಇದೇ. ಸಾರಜನಕ ಹೆಚ್ಚಿರುವ ಗೊಬ್ಬರದಿಂದ ಎಲೆ ಸೊಕ್ಕಿ ಬೆಳೆಯುತ್ತದೆಯೇ ಹೊರತು ಗೆಡ್ಡೆ ಗಟ್ಟಿಯಾಗುವುದಿಲ್ಲವಾದ್ದರಿಂದ, ಚೆನ್ನಾಗಿ ಕಳಿತ ಗೊಬ್ಬರದ ಜೊತೆಗೆ ಪೊಟ್ಯಾಷ್ ಅಂಶವಿರುವುದನ್ನು ಸ್ವಲ್ಪ ಸ್ವಲ್ಪವಾಗಿ ಕೊಡುವುದು ಮೇಲು. ಹೂ ಮುಗಿದ ಡ್ಯಾಫೊಡಿಲ್ ಎಲೆಗಳನ್ನು ಜಡೆಯಂತೆ ಹೆಣೆದು ಗಂಟು ಹಾಕುವ ಅಭ್ಯಾಸ ಕೆಲವರಿಗಿದೆ. ನೋಡಲು ಅದು ಒಪ್ಪವಾಗಿದ್ದರೂ, ಹಾಗೆ ಮಡಿಸಿದ ಎಲೆಗೆ ಬಿಸಿಲು ಸರಿಯಾಗಿ ತಾಗುವುದಿಲ್ಲ. ಹಳದಿಯಾಗುತ್ತಿರುವ ಎಲೆಗಳನ್ನು ಆರೆಂಟು ವಾರ ಸಹಿಸಿಕೊಳ್ಳಲು ಆಗದವರು ಅವುಗಳ ಮುಂದೆ ಬೇರೆ ಗಿಡಗಳನ್ನು ನೆಟ್ಟು ಮರೆಮಾಡುವುದು ಲೇಸು.

ನಾವು ಕನ್ನಡದಲ್ಲಿ ಎಲ್ಲವನ್ನೂ ಗೆಡ್ಡೆ ಎಂದುಬಿಡುತ್ತೇವೆ. ಮಾತಿಗೆ ಅದು ಸಾಕು, ತೋಟದ ಕೆಲಸಕ್ಕೆ ಸಾಲದು. ಅಮರಿಲ್ಲಿಸ್, ಸುಗಂಧರಾಜ, ಲಿಲ್ಲಿ, ಟ್ಯುಲಿಪ್‌ಗಳದು ಪದರಪದರವಾದ ಗೆಡ್ಡೆ. ಆ ಪದರಗಳು ಆಹಾರ ತುಂಬಿಕೊಂಡ ಎಲೆಗಳೇ. ಗ್ಲಾಡಿಯೋಲಸ್‌ನದು ಒಳಗೆ ಪದರವಿಲ್ಲದ, ಊದಿಕೊಂಡ ಕಾಂಡ. ಡೇರೆ ಎಂದು ಕೆಲವರು ಕರೆಯುವ ಡೇಲಿಯಾದ್ದು ಗೆಣಸಿನಂತಹ ಬೇರು. ಕಾಬಾಳೆಯದು ನೆಲದೊಳಗೆ ಅಡ್ಡಡ್ಡ ಹರಿಯುವ ಕಾಂಡ, ಅದಕ್ಕೆ ಹೆಚ್ಚಿನ ಉಪಚಾರವೇನೂ ಬೇಡ. ಕತ್ತರಿಸಿ ಎಲ್ಲಿ ಎಸೆದರೂ ಚಿಗುರಿಕೊಳ್ಳುತ್ತದೆ.

ಈ ವ್ಯತ್ಯಾಸ ತಿಳಿಯದೆ ನಾನು ಡೇಲಿಯಾದ ಎರಡು ಒಳ್ಳೆಯ ಬುಡಗಳನ್ನು ಹಾಳುಮಾಡಿದೆ. ಆಲೂಗೆಡ್ಡೆಯ ಮೈಮೇಲೆಲ್ಲ ಕಣ್ಣುಗಳಿರುವಂತೆ ಇದಕ್ಕೂ ಇರಬಹುದೆಂದು ಭಾವಿಸಿ, ಗೊಂಚಲಿನಿಂದ ಒಂದೊಂದೇ ಗೆಣಸನ್ನು ಮುರಿದು ಬೇರೆ ಬೇರೆ ನೆಟ್ಟೆ. ತಿಂಗಳು ಕಳೆದರೂ ಒಂದೂ ಚಿಗುರಲಿಲ್ಲ, ಅಗೆದು ನೋಡಿದರೆ ಗೆಣಸುಗಳು ಕೊಳೆಯದೆ, ಬೆಳೆಯದೆ ಹಾಗೆಯೇ ಇದ್ದವು. ಡೇಲಿಯಾದ ಕಣ್ಣುಗಳಿರುವುದು ಗೆಣಸಿನ ಮೇಲಲ್ಲ, ಹಳೆಯ ಕಾಂಡದ ಬುಡಕ್ಕೆ ಗೆಣಸು ಸೇರಿಕೊಳ್ಳುವ ಕತ್ತಿನ ಬಳಿ. ಬಿಡಿಸುವಾಗ ಪ್ರತಿ ಗೆಣಸಿನ ಜೊತೆಗೂ ಕಣ್ಣಿರುವ ಆ ಬುಡದ ಒಂದು ತುಂಡು ಬರುವಂತೆ ಹರಿತವಾದ ಚಾಕುವಿನಿಂದ ಕೊಯ್ಯಬೇಕು. ಕಣ್ಣು ಗುರುತಿಸಲು ಕಷ್ಟವಾದರೆ ಇಡೀ ಗೊಂಚಲನ್ನು ಒದ್ದೆ ಮರಳಿನ ಮೇಲೆ ಕೆಲವು ದಿನ ಇಟ್ಟು, ಗುಲಾಬಿ ಬಣ್ಣದ ಚುಕ್ಕೆಗಳಂತೆ ಮೊಳಕೆ ಉಬ್ಬಿದ ಮೇಲೆ ಬಿಡಿಸಬಹುದು. ಊರುಗೋಲನ್ನು ಗೆಣಸು ಹೂಳುವಾಗಲೇ ನೆಡಬೇಕೆಂಬ ಇನ್ನೊಂದು ಪಾಠವನ್ನೂ ಡೇಲಿಯಾವೇ ಕಲಿಸಿತು. ಗಿಡ ವಾಲಿದ ಮೇಲೆ ಕೋಲು ಚುಚ್ಚಲು ಹೋದರೆ ಅದು ನೇರವಾಗಿ ಗೆಣಸಿಗೇ ಇಳಿಯುತ್ತದೆ.

ಗ್ಲಾಡಿಯೋಲಸ್‌ನ ಕಥೆ ನನಗೆ ಎಲ್ಲಕ್ಕಿಂತ ಕುತೂಹಲಕರವೆನಿಸಿದೆ. ನೆಟ್ಟ ಗೆಡ್ಡೆ ಆ ವರ್ಷವೇ ತನ್ನನ್ನು ತಾನು ಖರ್ಚುಮಾಡಿಕೊಂಡು ಬತ್ತಿಹೋಗುತ್ತದೆ, ಅದರ ತಲೆಯ ಮೇಲೆ ಹೊಸ ಗೆಡ್ಡೆಯೊಂದು ಕಟ್ಟಿಕೊಳ್ಳುತ್ತದೆ, ಎರಡರ ನಡುವೆ ಬಟಾಣಿಗಿಂತ ಸಣ್ಣ ಮರಿಗಳು ಗುಂಪುಗೂಡಿರುತ್ತವೆ. ಹೂದಂಡನ್ನು ಕೊಯ್ಯುವಾಗ ಗಿಡದಲ್ಲಿ ಕನಿಷ್ಠ ನಾಲ್ಕು ಎಲೆಗಳನ್ನಾದರೂ ಉಳಿಸಿ, ಆರೆಂಟು ವಾರಗಳ ಅನಂತರ ಎಲೆ ಒಣಗತೊಡಗಿದಾಗ ಅಗೆದು ತೆಗೆದು, ಗಾಳಿಯಾಡುವ ಕಡೆ ಎರಡು ಮೂರು ವಾರ ಹರಡಿದರೆ, ಹಳೆಯ ಗೆಡ್ಡೆ ಬೆರಳಿನಿಂದ ತಿರುವಿದರೂ ಕಳಚಿಕೊಳ್ಳುತ್ತದೆ. ಮುಂದಿನ ಬಾರಿಗೆ ಆರಿಸುವಾಗ ಅಗಲವಾಗಿ ಚಪ್ಪಟೆಯಾಗಿರುವ ಗೆಡ್ಡೆಗಿಂತ, ಗಾತ್ರದಲ್ಲಿ ಚಿಕ್ಕದಾದರೂ ನಡುಭಾಗ ಉಬ್ಬಿರುವುದೇ ಒಳ್ಳೆಯದು. ಸುಗಂಧರಾಜದ ಸ್ವಭಾವವೂ ಇದಕ್ಕೆ ಹತ್ತಿರವೇ: ಒಮ್ಮೆ ಹೂಗೊನೆ ಕೊಟ್ಟ ತಾಯಿಗೆಡ್ಡೆ ಮತ್ತೆ ಹೂ ಕೊಡುವುದಿಲ್ಲ, ಸುತ್ತಲಿನ ಮರಿಗೆಡ್ಡೆಗಳಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ದಪ್ಪನಾದವು ಸರದಿ ಹಿಡಿಯುತ್ತವೆ. ಮೂರು ವರ್ಷಕ್ಕೊಮ್ಮೆಯಾದರೂ ಗುಂಪನ್ನು ಅಗೆದು ಬಿಡಿಸದಿದ್ದರೆ ಬುಡದಲ್ಲಿ ಸಣ್ಣಪುಟ್ಟ ಮರಿಗಳು ಒತ್ತೊತ್ತಾಗಿ ಸೇರಿ ಬರೀ ಹುಲ್ಲಿನಂತಹ ಎಲೆ ಬೆಳೆಸುತ್ತವೆ.

ನೆಡುವ ಆಳದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗೆಡ್ಡೆ ಎಷ್ಟು ಎತ್ತರವಿದೆಯೋ ಅದರ ಎರಡರಿಂದ ಮೂರು ಪಟ್ಟು ಆಳ ಎಂಬುದು ಬಹುಪಾಲು ಗೆಡ್ಡೆಗಳಿಗೆ ಸಲ್ಲುತ್ತದೆ, ಕುಂಡದ ಅಮರಿಲ್ಲಿಸ್ ಮಾತ್ರ ಮೇಲಿನ ಮೂರನೆಯ ಒಂದು ಭಾಗವನ್ನಾದರೂ ಮಣ್ಣಿನಿಂದ ಹೊರಗಿಟ್ಟುಕೊಂಡೇ ಸುಖವಾಗಿರುತ್ತದೆ. ಅಳತೆ ಸ್ವಲ್ಪ ತಪ್ಪಿದರೂ ಗಾಬರಿಪಡಬೇಕಿಲ್ಲ: ಅನೇಕ ಗೆಡ್ಡೆಗಳಿಗೆ ಸುರುಟಿಕೊಳ್ಳುವ ಬೇರುಗಳಿದ್ದು, ಅವು ಕುಗ್ಗುತ್ತಾ ಗೆಡ್ಡೆಯನ್ನು ತನಗೆ ಬೇಕಾದ ಆಳಕ್ಕೆ ನಿಧಾನವಾಗಿ ಎಳೆದುಕೊಳ್ಳುತ್ತವೆ. ಯಾವುದು ಮೇಲು, ಯಾವುದು ಕೆಳಗು ಎಂದು ತಿಳಿಯದಿದ್ದರೆ ಮಗ್ಗುಲಾಗಿ ಮಲಗಿಸಿ ಹೂಳಿದರಾಯಿತು, ಮೊಳಕೆ ತನ್ನ ದಾರಿ ಹುಡುಕಿಕೊಳ್ಳುತ್ತದೆ.

ಆಳಕ್ಕಿಂತ ನೂರು ಪಾಲು ಮುಖ್ಯವಾದದ್ದು ನೀರು ಬಸಿದುಹೋಗುವುದು. ನನ್ನ ಅನುಭವದಲ್ಲಿ ಒಣಗಿ ಸತ್ತ ಗೆಡ್ಡೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು, ಕೊಳೆತು ಸತ್ತವಕ್ಕೆ ಲೆಕ್ಕವೇ ಇಲ್ಲ. ಅವುಗಳಲ್ಲಿ ಹೆಚ್ಚಿನವು ನನ್ನ ಕರುಣೆಯಿಂದಲೇ ಸತ್ತವು. ಎಲೆ ಉದುರಿ ಮಲಗಿದ ಗೆಡ್ಡೆಗೆ ಬಾಯಾರಿಕೆಯಾಗಿರಬಹುದೆಂದು ದಿನ ಬಿಟ್ಟು ದಿನ ಚೊಂಬು ನೀರು ಹೊಯ್ಯುತ್ತಿದ್ದೆ. ಎಲೆಯೂ ಇಲ್ಲದ, ಬೇರೂ ಚುರುಕಾಗಿಲ್ಲದ ಆ ಸ್ಥಿತಿಯಲ್ಲಿ ನೀರನ್ನು ಹೀರಿಕೊಳ್ಳುವವರು ಯಾರೂ ಇರುವುದಿಲ್ಲ. ಒದ್ದೆ ಮಣ್ಣಿನಲ್ಲಿ ಶಿಲೀಂಧ್ರ ಮೊದಲು ಗೆಡ್ಡೆಯ ತಳದ ಗಟ್ಟಿ ಬಿಲ್ಲೆಯನ್ನು ಹಿಡಿಯುತ್ತದೆ, ಬೇರು ಹೊರಡಬೇಕಾದ ಜಾಗ ಅದೇ ಆದುದರಿಂದ ಅದು ಮೆತ್ತಗಾದ ಮೇಲೆ ಉಳಿಸುವ ದಾರಿಯಿಲ್ಲ. ಈಗ ಮಣ್ಣಿಗೆ ಮೂರನೆಯ ಒಂದು ಪಾಲು ದಪ್ಪ ಮರಳು ಬೆರೆಸುತ್ತೇನೆ, ವಿಶ್ರಾಂತಿಗೆ ಹೋದ ಕುಂಡವನ್ನು ಮಳೆ ತಾಗದ ಕಡೆ ಮಗ್ಗುಲಾಗಿ ಮಲಗಿಸಿಬಿಡುತ್ತೇನೆ. ಮಲಗಿಸಿದ ಕುಂಡಕ್ಕೆ ಅಭ್ಯಾಸಬಲದಿಂದ ನೀರು ಹೊಯ್ಯಲು ಬರುವುದಿಲ್ಲ ಎಂಬುದು ಅದರ ದೊಡ್ಡ ಉಪಯೋಗ.

ವಿಶ್ರಾಂತಿಯಿಂದ ಎಬ್ಬಿಸುವ ಸಂಕೇತ ಒಂದೊಂದಕ್ಕೆ ಒಂದೊಂದು. ಮಳೆ ಲಿಲ್ಲಿಗೆ ಕೆಲವು ವಾರಗಳ ಒಣಹವೆಯ ಬೆನ್ನಿಗೆ ಬರುವ ಜೋರು ಮಳೆಯೇ ಸಂಕೇತ. ಅದಾದ ಕೆಲವೇ ದಿನಗಳಲ್ಲಿ ಮಡಿಯಿಡೀ ಒಟ್ಟಿಗೆ ಅರಳುತ್ತದೆ. ಕುಂಡದಲ್ಲಿ ಎರಡು ಮೂರು ವಾರ ನೀರು ನಿಲ್ಲಿಸಿ ಅನಂತರ ಧಾರಾಳವಾಗಿ ಹೊಯ್ದು ಈ ಗಿಡವನ್ನು ನಾವೂ ನಂಬಿಸಬಹುದು. ಟ್ಯುಲಿಪ್ ಅಷ್ಟು ಸುಲಭವಾಗಿ ನಂಬುವುದಿಲ್ಲ. ಅದಕ್ಕೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 12ರಿಂದ 16 ವಾರ ಕಳೆಯದ ಹೊರತು ಹೂದಂಟು ಉದ್ದವಾಗುವುದಿಲ್ಲ, ಮೊಗ್ಗು ಎಲೆಗಳ ನಡುವೆಯೇ ಸಿಕ್ಕಿಕೊಂಡು ಒಣಗುತ್ತದೆ. ಚಳಿಯಿಲ್ಲದ ಕಡೆ ಇರುವವರು ಫ್ರಿಜ್ಜಿನಲ್ಲಿಟ್ಟು ಈ ಚಳಿಯನ್ನು ಒದಗಿಸಬಹುದು, ಆದರೆ ಅದೇ ಫ್ರಿಜ್ಜಿನಲ್ಲಿ ಸೇಬಿನಂತಹ ಮಾಗುವ ಹಣ್ಣುಗಳಿರಬಾರದು, ಅವುಗಳಿಂದ ಹೊರಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ಇಷ್ಟೆಲ್ಲ ಪಾಡುಪಟ್ಟು ಪಡೆದ ಟ್ಯುಲಿಪ್ ಬೆಚ್ಚನೆಯ ಹವೆಯಲ್ಲಿ ಎರಡನೆಯ ವರ್ಷಕ್ಕೆ ಉಳಿಯುವುದು ಅಪರೂಪ. ಒಮ್ಮೆ ಆಸೆಗಾಗಿ ಬೆಳೆಸಿ ನೋಡಿದ್ದೇನೆ, ಮತ್ತೆ ಬೆಳೆಸುವ ಮನಸ್ಸಿಲ್ಲ.

ರೋಗಗಳ ವಿಷಯದಲ್ಲಿ ನಾನು ನಿಷ್ಠುರ. ಎಲೆಯ ಮೇಲೆ ಅಥವಾ ಹೂವಿನಲ್ಲಿ ತಿಳಿ ಬಣ್ಣದ ಗೆರೆಗಳು ಚೆದುರಿದಂತೆ ಕಂಡು, ಗಿಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದರೆ ಅದು ಬಹುಮಟ್ಟಿಗೆ ವೈರಸ್. ಔಷಧವಿಲ್ಲ, ಗೆಡ್ಡೆಸಮೇತ ಕಿತ್ತು ಎಸೆಯಬೇಕು. 17ನೆಯ ಶತಮಾನದ ಹಾಲೆಂಡಿನಲ್ಲಿ ಜನ ಮನೆಮಾರು ಮರೆತು ಕೊಂಡ, 1637ರ ಫೆಬ್ರುವರಿಯಲ್ಲಿ ದಿಢೀರನೆ ಬೆಲೆ ಕುಸಿದ ಪಟ್ಟೆಪಟ್ಟೆ ಟ್ಯುಲಿಪ್‌ಗಳ ಸೊಬಗು ಸಸ್ಯಹೇನುಗಳು ಹರಡಿದ ಇಂತಹದೇ ಒಂದು ವೈರಸ್‌ನದಾಗಿತ್ತು, ಆ ರೋಗವೇ ಗೆಡ್ಡೆಯನ್ನು ಸೊರಗಿಸಿ ಮರಿ ಹಾಕುವುದನ್ನು ಕಡಿಮೆ ಮಾಡುತ್ತಿತ್ತು. ಅಮರಿಲ್ಲಿಸ್ ಎಲೆ ಮತ್ತು ದಂಟಿನ ಮೇಲೆ ಕಾಣುವ ಕೆಂಪು ಮಚ್ಚೆ ಮಾತ್ರ ಶಿಲೀಂಧ್ರದ್ದು. ಪೆಟ್ಟಾದ ಭಾಗವನ್ನು ಕತ್ತರಿಸಿ, ಮೇಲಿನಿಂದ ನೀರು ಚಿಮುಕಿಸುವುದನ್ನು ನಿಲ್ಲಿಸಿದರೆ ಹತೋಟಿಗೆ ಬರುತ್ತದೆ. ಕಪ್ಪು ಬಿಳಿ ಚುಕ್ಕೆಗಳ ಲಿಲ್ಲಿ ಹುಳುಗಳನ್ನು ಮೊದಲ ದಿನವೇ ಕೈಯಿಂದ ಆರಿಸದಿದ್ದರೆ ಎರಡು ರಾತ್ರಿಗಳಲ್ಲಿ ಎಲೆಯ ಗುರುತೇ ಉಳಿಯುವುದಿಲ್ಲ.

ಮನೆಯಲ್ಲಿ ಮಕ್ಕಳೋ ಸಾಕುಪ್ರಾಣಿಗಳೋ ಇದ್ದರೆ ಮರೆಯಬಾರದ ಮಾತೊಂದಿದೆ. ಡ್ಯಾಫೊಡಿಲ್ ಮತ್ತು ಅಮರಿಲ್ಲಿಸ್ ಗೆಡ್ಡೆಗಳಲ್ಲಿ ಲೈಕೊರಿನ್ ಎಂಬ ವಿಷವಿದೆ, ಅಗ್ನಿಶಿಖೆ ಎಂದೂ ಕರೆಯುವ ಗ್ಲೋರಿಯೋಸಾದ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಪ್ರಾಣವನ್ನೇ ತೆಗೆಯಬಲ್ಲದು, ನಿಜವಾದ ಲಿಲ್ಲಿಯ ಪರಾಗ ಮೈಗೆ ಮೆತ್ತಿ ಅದನ್ನು ನೆಕ್ಕಿಕೊಂಡ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ. ತೆಗೆದಿಟ್ಟ ಗೆಡ್ಡೆಗಳನ್ನು ಈರುಳ್ಳಿಯ ಬುಟ್ಟಿಯ ಹತ್ತಿರ ಸುಳಿಯಗೊಡಬೇಡಿ. ನಾನು ಅವುಗಳನ್ನು ಕಾಗದದ ಚೀಲದಲ್ಲಿ ಒಣ ಮರಳಿನೊಂದಿಗೆ ಹಾಕಿ, ಹೆಸರನ್ನೂ ಅಗೆದ ತಿಂಗಳನ್ನೂ ಪೆನ್ಸಿಲಿನಲ್ಲಿ ಬರೆದು, ಬೇರೆ ಕೋಣೆಯಲ್ಲಿ ಇಡುತ್ತೇನೆ. ಪೆನ್ನಿನ ಶಾಯಿ ತೇವಕ್ಕೆ ಹರಡಿಕೊಳ್ಳುತ್ತದೆ. ನೆಲದಲ್ಲೇ ಬಿಟ್ಟವಕ್ಕೂ ಒಂದು ಗುರುತಿನ ಕಡ್ಡಿ ಊರುವುದು ಅವಶ್ಯ. ಖಾಲಿ ಜಾಗವೆಂದು ಹಾಕಿದ ಗುದ್ದಲಿ ನಾಲ್ಕು ವರ್ಷದ ಗೆಡ್ಡೆಯನ್ನು ಎರಡು ಹೋಳು ಮಾಡಿದಾಗ ಬರುವ ಸಪ್ಪಳವನ್ನು ನಾನು ಎರಡು ಬಾರಿ ಕೇಳಿದ್ದೇನೆ.

ಆ ಮೊದಲ ಆರು ಅಮರಿಲ್ಲಿಸ್‌ಗಳಲ್ಲಿ ಈಗ ನಾಲ್ಕು ಉಳಿದಿವೆ. ಹೂ ಮುಗಿದು ಮೂರು ತಿಂಗಳಾಯಿತು. ಎರಡರಲ್ಲಿ ತಲಾ ಎಂಟು ಎಲೆ, ಒಂದರಲ್ಲಿ ಆರು. ನಾಲ್ಕನೆಯದರಲ್ಲಿ ಮೂರೇ ಎಲೆ ಇದ್ದು ನಾಲ್ಕನೆಯ ಎಲೆಯ ತುದಿ ಈ ವಾರವಷ್ಟೇ ಇಣುಕಿದೆ. ಅದೊಂದನ್ನು ಸಾಲಿನಿಂದ ಬೇರೆ ಮಾಡಿ, ಬಿಸಿಲು ಎಲ್ಲಕ್ಕಿಂತ ಮೊದಲು ಬೀಳುವ ಮೆಟ್ಟಿಲಿನ ಮೇಲೆ ಇಟ್ಟಿದ್ದೇನೆ.